ಬಂತು, ಬಂದಿರಬೇಕು, ಬಂತಂತೆ

ಆಗಸ್ಟ್ ಬಂತೆಂದರೆ ನೀರಮಾನ್ವಿಯ ಚಹಾದಂಗಡಿಗಳ ಮುಂದಿನ ಮಾತೆಲ್ಲ ತುಂಗಭದ್ರಾ ಎಡದಂಡೆ ನಾಲೆಯ ಸುತ್ತಲೇ ತಿರುಗುತ್ತದೆ. ಮಾನ್ವಿ ತಾಲ್ಲೂಕು ಈ ನಾಲೆಯ ಕೊನೆಭಾಗ. ಗಂಗಾವತಿ, ಸಿಂಧನೂರುಗಳ ಗದ್ದೆಗಳನ್ನು ದಾಟಿ ನೀರು ಇತ್ತ ಮುಟ್ಟುವಷ್ಟರಲ್ಲಿ ಗೇಜ್ ಇಳಿದಿರುತ್ತದೆ. ಸಸಿ ಮಡಿ ಬೆಳೆಸಿಕೊಂಡ ರೈತರು ದಿನ ಎಣಿಸುತ್ತಿರುತ್ತಾರೆ. ಅಂಥ ಒಂದು ಬೆಳಿಗ್ಗೆ ಒಬ್ಬರು ಬೈಕ್ ನಿಲ್ಲಿಸಿ ‘ಕಾಲುವಿಗೆ ನೀರು ಬಂತು’ ಎನ್ನುತ್ತಾರೆ. ಬೆಂಚಿನ ಮೇಲೆ ಕೂತವರು ‘ಮ್ಯಾಲಿನೋರು ನಾಟಿ ಶುರು ಮಾಡ್ಯಾರ, ಬಂದಿರಬೇಕು ಬಿಡ್ರಿ’ ಎನ್ನುತ್ತಾರೆ. ಮೂರನೆಯವರು ಫೋನ್ ನೋಡುತ್ತ ‘ಬಂತಂತ’ ಎಂದು ಸೇರಿಸುತ್ತಾರೆ. ಸುದ್ದಿ ಒಂದೇ ಆದರೂ ಕೇಳಿದವರು ಮೂವರಿಗೂ ಒಂದೇ ಉತ್ತರ ಕೊಡುವುದಿಲ್ಲ. ಮೊದಲ ಮಾತಿಗೆ ಸಲಿಕೆ ಹಿಡಿದು ಹೊಲದ ದಾರಿ ಹಿಡಿಯುತ್ತಾರೆ. ಎರಡನೆಯದಕ್ಕೆ ‘ಅವರು ಬೋರಿನ ನೀರಿಗೆ ನಾಟಿ ಮಾಡಿದ್ರ?’ ಎಂದು ತಿರುಗಿ ಕೇಳುತ್ತಾರೆ. ಮೂರನೆಯದಕ್ಕೆ ‘ಯಾರು ಹೇಳಿದ್ರು?’ ಎನ್ನುತ್ತಾರೆ.

ತರ್ಕಶಾಸ್ತ್ರದ ಹೆಸರನ್ನೇ ಕೇಳದವರೂ ಹೀಗೆ ತರ್ಕದ ಮೊದಲ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಕಂಡದ್ದಕ್ಕೆ ಒಂದು ಪರೀಕ್ಷೆ, ಊಹಿಸಿದ್ದಕ್ಕೆ ಇನ್ನೊಂದು, ಕೇಳಿದ್ದಕ್ಕೆ ಮತ್ತೊಂದು. ಈ ಭೇದವನ್ನು ಹೇಳಲು ನಮ್ಮಲ್ಲಿ ಹಳೆಯ ಶಾಸ್ತ್ರದ ಪದಗಳಿವೆ: ಪ್ರಮಾಣ, ಅನುಮಾನ, ಆಪ್ತ, ವ್ಯಾಪ್ತಿ, ವಾದ, ವಿತಂಡ. ಎಲ್ಲವೂ ಕಿವಿಗೆ ಪರಿಚಿತ, ಅರ್ಥ ಮಾತ್ರ ಅರೆಬರೆ. ಪದಗಳ ಅರ್ಥ ಸವೆದರೆ ಅಂಥ ನಷ್ಟವೇನಿಲ್ಲ ಎಂದು ತೋರಬಹುದು. ಆದರೆ ಪದದ ಜೊತೆಗೆ ಅದು ಕಾಪಾಡುತ್ತಿದ್ದ ಭೇದವೂ ಸವೆದರೆ ಬೆಲೆ ತೆರಬೇಕಾಗುತ್ತದೆ. ಕಲ್ಯಾಣ ಕರ್ನಾಟಕದ ಒಂದು ಊರಿನಲ್ಲಿ ಆ ಬೆಲೆ ಒಂದು ಜೀವವೇ ಆಗಿತ್ತು. ತರ್ಕದ ಪದಗಳನ್ನು ಮತ್ತೊಮ್ಮೆ ಅರ್ಥ ಮಾಡಿಕೊಳ್ಳಬೇಕಾದದ್ದು ಪಾಂಡಿತ್ಯಕ್ಕಾಗಿಯಲ್ಲ, ಊರಿನ ನೆಮ್ಮದಿಗಾಗಿ ಎಂಬುದು ಈ ಬರಹದ ವಾದ.

ಮೂರು ಬಾಲ, ಮೂರು ಪ್ರಮಾಣ

‘ಪ್ರಮಾಣ’ ಎಂದರೆ ಇಂದು ನಮಗೆ ಆಣೆ-ಪ್ರಮಾಣ ನೆನಪಾಗುತ್ತದೆ, ಮಂತ್ರಿಗಳ ಪ್ರಮಾಣವಚನ ನೆನಪಾಗುತ್ತದೆ, ಮಳೆಯ ಪ್ರಮಾಣ ನೆನಪಾಗುತ್ತದೆ. ಶಾಸ್ತ್ರದಲ್ಲಿ ಅದರ ಅರ್ಥ ‘ನಿಜವಾದ ತಿಳಿವಳಿಕೆಯನ್ನು ಹುಟ್ಟಿಸುವ ಸಾಧನ’. ಅಂಥ ಸಾಧನಗಳು ಎಷ್ಟು ಎಂಬುದೇ ಭಾರತೀಯ ದರ್ಶನಗಳ ನಡುವಿನ ದೊಡ್ಡ ಜಗಳ. ಕಣ್ಣಿಗೆ ಕಂಡದ್ದೊಂದೇ ಎಂದರು ಚಾರ್ವಾಕರು. ಕಂಡದ್ದು ಮತ್ತು ಊಹಿಸಿದ್ದು ಎಂದು ಎರಡನ್ನು ಒಪ್ಪಿದರು ಬೌದ್ಧ ತಾರ್ಕಿಕರು. ಗೌತಮನ ನ್ಯಾಯದರ್ಶನ ಉಪಮಾನವನ್ನೂ ಶಬ್ದವನ್ನೂ ಸೇರಿಸಿ ನಾಲ್ಕು ಎಂದಿತು. ಕರಾವಳಿಯ ಮಧ್ವಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರಕ್ಕೆ ನಿಂತರು. ಆ ಮೂರನ್ನು ಒಂದು ಕೈಪಿಡಿಯಂತೆ ವಿವರಿಸಿದ ‘ಪ್ರಮಾಣಪದ್ಧತಿ’ಯನ್ನು ಬರೆದವರು 14ನೇ ಶತಮಾನದ ಜಯತೀರ್ಥರು. ಅವರ ಹೆಸರು ಕಲಬುರಗಿ ಜಿಲ್ಲೆಯ ಮಳಖೇಡದೊಂದಿಗೆ ಬೆಸೆದುಕೊಂಡಿದೆ.

ಈ ಸೀಮೆ ತರ್ಕಕ್ಕೆ ಹೊರಗಿನದಲ್ಲ ಎಂಬುದಕ್ಕೆ ಇನ್ನಷ್ಟು ಗುರುತುಗಳಿವೆ. ಮಿಥಿಲೆಯ ಗಂಗೇಶನ ನವ್ಯನ್ಯಾಯವನ್ನು ಎದುರಿಸಿ ‘ತರ್ಕತಾಂಡವ’ ಬರೆದ ವ್ಯಾಸತೀರ್ಥರ ಬೃಂದಾವನವಿರುವುದು ಆನೆಗೊಂದಿಯ ಬಳಿ, ತುಂಗಭದ್ರೆಯ ನಡುಗಡ್ಡೆಯ ನವಬೃಂದಾವನದಲ್ಲಿ. ಆನೆಗೊಂದಿ ಈಗ ಕೊಪ್ಪಳ ಜಿಲ್ಲೆಗೆ ಸೇರಿದ್ದರೂ ಹಿಂದೆ ರಾಯಚೂರು ಜಿಲ್ಲೆಯದೇ ಊರು. ಅದೇ ಹೊಳೆಯ ದಂಡೆಯ ಮಂತ್ರಾಲಯಕ್ಕೆ ರಾಯಚೂರಿನಿಂದ ನಿತ್ಯ ಬಸ್ ಹತ್ತುವವರಿಗೆ ರಾಘವೇಂದ್ರ ಸ್ವಾಮಿಗಳು ಪವಾಡಗಳ ಗುರುವಾಗಿ ಗೊತ್ತು; ‘ತರ್ಕತಾಂಡವ’ಕ್ಕೆ ವ್ಯಾಖ್ಯಾನ ಬರೆದ ತಾರ್ಕಿಕರಾಗಿ ಗೊತ್ತಿರುವುದು ಕಡಿಮೆ. ತರ್ಕದ ದೊಡ್ಡ ಹೆಸರುಗಳು ನಮ್ಮಲ್ಲಿ ಪೂಜೆಗೆ ಸಂದವು, ಅವರ ಕೆಲಸ ಬಳಕೆಗೆ ಸಲ್ಲಲಿಲ್ಲ.

ಆದರೆ ಗ್ರಂಥಗಳಲ್ಲಿರುವ ಈ ಮೂರು ಪ್ರಮಾಣಗಳು ಕನ್ನಡದ ಕ್ರಿಯಾಪದದಲ್ಲೂ ಇವೆ. ‘ಬಂತು’ ಎಂದವನು ಕಂಡಿದ್ದಾನೆ, ಅದು ಪ್ರತ್ಯಕ್ಷ. ‘ಬಂದಿರಬೇಕು’ ಎಂದವನು ಗುರುತೊಂದನ್ನು ಹಿಡಿದು ತೀರ್ಮಾನಕ್ಕೆ ಬಂದಿದ್ದಾನೆ, ಅದು ಅನುಮಾನ. ‘ಬಂತಂತೆ’ ಎಂದವನು ಇನ್ನೊಬ್ಬರ ಮಾತನ್ನು ದಾಟಿಸುತ್ತಿದ್ದಾನೆ, ಅದು ಶಬ್ದ, ಮಧ್ವರ ಪದದಲ್ಲಿ ಆಗಮ. ಇಷ್ಟಕ್ಕೇ ನಿಲ್ಲದೆ ‘ಬರಬಹುದು’, ‘ಬಂದೀತು’ ಎಂದು ಖಚಿತತೆಯ ಮೆಟ್ಟಿಲುಗಳನ್ನೂ ಭಾಷೆ ಕಟ್ಟಿಕೊಂಡಿದೆ. ವ್ಯಾಕರಣಕಾರರು ‘ಬಂದೀತು’ ಎಂಬಂಥ ರೂಪವನ್ನು ಸಂಭಾವನಾರ್ಥಕ ಎಂದು ಕರೆದರು. ತಾನು ಹೇಳುವುದು ತನಗೆ ಹೇಗೆ ಗೊತ್ತಾಯಿತು ಎಂಬುದನ್ನು ಮಾತಿನ ತುದಿಯಲ್ಲೇ ಕಟ್ಟಿಕೊಡುವ ಸೌಲಭ್ಯ ಎಲ್ಲ ಭಾಷೆಗಳಿಗೂ ಇಷ್ಟು ಸಲೀಸಾಗಿ ಇಲ್ಲ. ಎರಡಕ್ಷರದ ‘ಅಂತೆ’ ಮಾಡುವ ಕೆಲಸಕ್ಕೆ ಕೆಲವು ಭಾಷೆಗಳು ಒಂದು ವಾಕ್ಯವನ್ನೇ ಹೂಡಬೇಕಾಗುತ್ತದೆ.

ಅನುಮಾನವೆಂದರೆ ಸಂಶಯವಲ್ಲ

ಹಳೆಯ ಪದಗಳಲ್ಲಿ ಹೆಚ್ಚು ಪೆಟ್ಟು ತಿಂದದ್ದು ‘ಅನುಮಾನ’. ‘ಅವನ ಮೇಲೆ ಅನುಮಾನ ಇದೆ’, ‘ಅನುಮಾನಾಸ್ಪದ ಸಾವು’ ಎಂಬ ಬಳಕೆಗಳಲ್ಲಿ ಅದು ಪೂರ್ತಿ ಸಂಶಯವಾಗಿದೆ. ಸಂಶಯ, ಸಂದೇಹ, ಶಂಕೆ, ಗುಮಾನಿ ಎಂದು ಅದೇ ಕೆಲಸಕ್ಕೆ ಬೇರೆ ನಾಲ್ಕು ಪದಗಳಿದ್ದರೂ ಇದನ್ನೂ ಅಲ್ಲಿಗೇ ತಳ್ಳಿದ್ದೇವೆ. ಶಾಸ್ತ್ರದಲ್ಲಿ ಅನುಮಾನವೆಂದರೆ ಸಂಶಯವನ್ನು ಕಳೆಯುವ ಸಾಧನ. ಗುರುತನ್ನು ಕಂಡು, ಆ ಗುರುತಿನ ಜೊತೆ ಬಿಡದೆ ಇರುವ ಕಾಣದ ವಸ್ತುವನ್ನು ತಿಳಿಯುವುದು. ಅದು ಸರಿಯಾಗಿದ್ದರೆ ಕಣ್ಣಿಂದ ಕಂಡಷ್ಟೇ ಗಟ್ಟಿ.

ಎಷ್ಟು ಗಟ್ಟಿ ಎಂಬುದಕ್ಕೆ ಸಾಕ್ಷಿ ರಾಯಚೂರು ಜಿಲ್ಲೆಯಲ್ಲೇ ಇದೆ. 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಉತ್ತರ ಭಾರತದ ಕಂಬ, ಬಂಡೆಗಳ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು ಮಾತ್ರ. ಈ ರಾಜ ಯಾರು? ಅದೇ ಬಿರುದು ಸಿಂಹಳದ ಅರಸನೊಬ್ಬನಿಗೂ ಇದ್ದುದರಿಂದ ಪ್ರಿನ್ಸೆಪ್ ಮೊದಲು ಅವನೇ ಇರಬೇಕೆಂದರು. ಅದು ತಪ್ಪಾದ ಅನುಮಾನ. ಇಬ್ಬರಿಗೆ ಹೊಂದುವ ಗುರುತು ಒಬ್ಬನನ್ನು ತೋರಿಸಲಾರದು. ಸಿಂಹಳದಲ್ಲಿ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ‘ದೀಪವಂಸ’ವನ್ನು ನೋಡಿ, ಪ್ರಿಯದರ್ಶಿ ಎಂಬ ಹೆಸರು ಚಂದ್ರಗುಪ್ತನ ಮೊಮ್ಮಗ, ಬಿಂದುಸಾರನ ಮಗ ಅಶೋಕನಿಗೆ ಸಲ್ಲುತ್ತದೆ ಎಂದು ತೋರಿಸಿದರು. 13ನೇ ಬಂಡೆ ಶಾಸನ ಐವರು ಗ್ರೀಕ್ ಅರಸರನ್ನು ಹೆಸರಿಸುತ್ತದೆ. ಅವರೆಲ್ಲ ಆಳಿದ ಕಾಲ ಕ್ರಿಸ್ತಪೂರ್ವ 3ನೇ ಶತಮಾನದ ನಡುಭಾಗ, ಅಂದರೆ ಅಶೋಕನ ಕಾಲವೇ. ಗ್ರಂಥ ಒಂದು ಕಡೆಯಿಂದ, ಗ್ರೀಕ್ ಇತಿಹಾಸ ಇನ್ನೊಂದು ಕಡೆಯಿಂದ ಬಂದು ಒಂದೇ ಕಡೆ ತಾಳೆಯಾದವು. ಶಾಸನದಲ್ಲಿ ಅಶೋಕ ಎಂಬ ಹೆಸರನ್ನು ಕಾಣದೆಯೇ ವಿದ್ವಾಂಸರು ಈ ತೀರ್ಮಾನವನ್ನು ನೆಚ್ಚಿ ಇತಿಹಾಸ ಬರೆದರು.

78 ವರ್ಷಗಳ ನಂತರ, 1915ರಲ್ಲಿ, ನಿಜಾಮರ ಸೀಮೆಯ ಮಸ್ಕಿಯಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಗಣಿ ಎಂಜಿನಿಯರ್ ಸಿ. ಬೀಡನ್ ಅವರ ಕಣ್ಣಿಗೆ ಒಂದು ಬಂಡೆಬರಹ ಬಿತ್ತು. ಅದನ್ನು ಓದಿ ಅದೇ ವರ್ಷ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. ಅದರಲ್ಲಿ ದೇವಾನಾಂಪ್ರಿಯ ಎಂಬ ಬಿರುದಿನ ಜೊತೆಗೆ ಅಶೋಕನ ಹೆಸರೇ ಇತ್ತು. ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದ ಶಾಸನಗಳಲ್ಲೂ ಆ ಹೆಸರು ಆಮೇಲೆ ಸಿಕ್ಕಿತು. ಮಸ್ಕಿಯ ಬಂಡೆ ಅಶೋಕನನ್ನು ಹುಡುಕಿಕೊಟ್ಟಿತು ಎಂದು ಶಾಲೆಯ ಪುಸ್ತಕಗಳಲ್ಲಿ ಓದುತ್ತೇವೆ. ನಡೆದದ್ದು ಅದಕ್ಕಿಂತ ಸ್ವಾರಸ್ಯದ್ದು. ಅನುಮಾನ ಮೊದಲೇ ಹುಡುಕಿಯಾಗಿತ್ತು, ಪ್ರತ್ಯಕ್ಷ ಬಂದು ರುಜು ಹಾಕಿತು. ಸರಿಯಾಗಿ ಕಟ್ಟಿದ ಅನುಮಾನ ಮುಕ್ಕಾಲು ಶತಮಾನ ಕಾದರೂ ಹುಸಿಯಾಗಲಿಲ್ಲ.

ಹೊಗೆ ಇದ್ದಲ್ಲಿ ಬೆಂಕಿ, ಬೆಂಕಿ ಇದ್ದಲ್ಲಿ?

ಹಾಗಾದರೆ ಅನುಮಾನ ಸರಿಯಾಗುವುದು ಯಾವಾಗ? ಶಾಸ್ತ್ರದ ಪುಸ್ತಕಗಳಲ್ಲಿ ಇದಕ್ಕೆ ಒಂದೇ ಉದಾಹರಣೆ ಮತ್ತೆ ಮತ್ತೆ ಬರುತ್ತದೆ. ಮಾನ್ವಿ ಕಡೆಯ ಯಾವುದೇ ಕಲ್ಲುಗುಡ್ಡದ ಮೇಲೆ ಹೊಗೆ ಎದ್ದಿದೆ ಎಂದುಕೊಳ್ಳಿ. ಗುಡ್ಡದಲ್ಲಿ ಬೆಂಕಿ ಇದೆ ಎಂಬುದು ಪ್ರತಿಜ್ಞೆ, ಅಂದರೆ ಸಾಧಿಸಬೇಕಾದ ಮಾತು; ಇಲ್ಲಿ ಶಪಥವೇನೂ ಇಲ್ಲ. ಏಕೆಂದರೆ ಹೊಗೆ ಕಾಣುತ್ತಿದೆ ಎಂಬುದು ಹೇತು. ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ಇರುವಂತೆ ಎಂಬುದು ಉದಾಹರಣೆ. ಗುಡ್ಡದ ಮೇಲೂ ಅಂಥದೇ ಹೊಗೆ ಇದೆ ಎಂಬುದು ಉಪನಯ. ಆದ್ದರಿಂದ ಬೆಂಕಿ ಇದೆ ಎಂಬುದು ನಿಗಮನ. ಎಲ್ಲ ಐದು ಮಾತುಗಳೂ ಬೇಕೇ ಬೇಕೆಂದು ಮಾಧ್ವ ತಾರ್ಕಿಕರು ಹಟ ಹಿಡಿಯಲಿಲ್ಲ. ಕೇಳುವವನಿಗೆ ಎಷ್ಟು ಸಾಕೋ ಅಷ್ಟು ಎಂದರು. ಬಿಡಲಾಗದ್ದು ಮಾತ್ರ ಒಂದು: ಹೊಗೆಯೂ ಬೆಂಕಿಯೂ ಎಂದೂ ತಪ್ಪದ ಜೊತೆ ಎಂಬ ತಿಳಿವಳಿಕೆ. ಅದರ ಹೆಸರು ವ್ಯಾಪ್ತಿ. ಇಂದು ‘ಪೊಲೀಸ್ ಠಾಣೆ ವ್ಯಾಪ್ತಿ’ ಎಂಬಲ್ಲಿ ಮಾತ್ರ ಉಳಿದಿರುವ ಈ ಪದವೇ ಇಡೀ ತರ್ಕದ ಬೆನ್ನೆಲುಬು.

ವ್ಯಾಪ್ತಿಗೆ ದಿಕ್ಕು ಇದೆ ಎಂಬುದನ್ನು ಮರೆಯುವುದೇ ಎಲ್ಲರೂ ಮಾಡುವ ತಪ್ಪು. ಹೊಗೆ ಇದ್ದಲ್ಲೆಲ್ಲ ಬೆಂಕಿ ಎಂಬುದು ನಿಜ. ಬೆಂಕಿ ಇದ್ದಲ್ಲೆಲ್ಲ ಹೊಗೆ ಎಂಬುದು ಸುಳ್ಳು. ಕಮ್ಮಾರನ ಕುಲುಮೆಯಿಂದ ತೆಗೆದ ಕೆಂಪು ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಬೆಂಕಿಯಿಂದ ಹೊಗೆ ಬರಲು ಹಸಿ ಸೌದೆ ಎಂಬ ಇನ್ನೊಂದು ಷರತ್ತು ಬೇಕು. ಕಾಣದೆ ಒಳಗೆ ಕೂತ ಅಂಥ ಷರತ್ತಿಗೆ ಉಪಾಧಿ ಎಂದು ಹೆಸರು. ‘ಅವರು ಬೋರಿನ ನೀರಿಗೆ ನಾಟಿ ಮಾಡಿದ್ರ?’ ಎಂದು ರೈತ ಕೇಳುವುದು ಉಪಾಧಿಯನ್ನೇ. ನಾಟಿ ನಡೆದಿದೆ ಎಂದ ಮಾತ್ರಕ್ಕೆ ಕಾಲುವೆಗೆ ನೀರು ಬಂದಿದೆ ಎಂದಾಗುವುದಿಲ್ಲ, ಬೇರೆ ನೀರೂ ಇದ್ದೀತು. ಹೇತುವಿನಂತೆ ಕಂಡು ಹೇತುವಲ್ಲದ್ದನ್ನು ಶಾಸ್ತ್ರ ಹೇತ್ವಾಭಾಸ ಎಂದಿತು. ಒಮ್ಮೆ ಜೊತೆಗಿದ್ದು ಒಮ್ಮೆ ತಪ್ಪಿಹೋಗುವ ಗುರುತು ಅವುಗಳಲ್ಲಿ ಮೊದಲನೆಯದು. ಅದಕ್ಕೆ ಸವ್ಯಭಿಚಾರ ಎಂದು ಹೆಸರು.

ಒಂದರ ಹಿಂದೆ ಒಂದು ಬಂದದ್ದನ್ನೆಲ್ಲ ಕಾರಣ-ಕಾರ್ಯ ಎನ್ನುವುದು ಇನ್ನೊಂದು ಜಾರುದಾರಿ. ಮಳೆ ತಡವಾದಾಗ ಉತ್ತರ ಕರ್ನಾಟಕದ ಊರುಗಳಲ್ಲಿ ಗುರ್ಜಿ ಆಡುತ್ತಾರೆ. ನಾಲ್ಕು ದಿನಕ್ಕೆ ಮಳೆ ಬಂದರೆ ಗುರ್ಜಿಯ ಫಲ ಎನ್ನುತ್ತಾರೆ. ತಾರ್ಕಿಕ ಇಲ್ಲಿ ಎರಡು ಪ್ರಶ್ನೆ ಕೇಳುತ್ತಾನೆ. ಆಡಿದಲ್ಲೆಲ್ಲ ಬಂತೇ? ಇದು ಅನ್ವಯ. ಆಡದಲ್ಲಿ ಬರಲಿಲ್ಲವೇ? ಇದು ವ್ಯತಿರೇಕ. ಎರಡೂ ಕೂಡಿ ನಿಲ್ಲದಿದ್ದರೆ ಅದು ಕಾಕತಾಳೀಯ. ಗುರ್ಜಿಯ ಹಾಡು, ಊರು ಕೂಡುವ ಸಂಭ್ರಮ ಇವುಗಳ ಬೆಲೆ ಇದರಿಂದ ಕಡಿಮೆಯಾಗದು. ಬಿತ್ತನೆಯ ಲೆಕ್ಕಾಚಾರಕ್ಕೆ ಮಾತ್ರ ಅದನ್ನು ಆಧಾರ ಮಾಡಿಕೊಳ್ಳಬಾರದು.

ತೀರ್ಮಾನದ ತೂಕ ಗುರುತಿನ ತೂಕವನ್ನು ಮೀರಬಾರದು ಎಂಬುದು ಇದರ ಮುಂದಿನ ಪಾಠ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಎಡದಂಡೆಯ ರೈತರೆಲ್ಲ ಕಂಗೆಟ್ಟರು. ಉಳಿದ 32 ಗೇಟ್‌ಗಳ ಕತೆ ಏನು ಎಂಬ ಪ್ರಶ್ನೆ ಏಳುವುದು ಸಹಜ. 1953ರಲ್ಲಿ ನಿರ್ಮಾಣ ಮುಗಿದ ಅಣೆಕಟ್ಟು, ಒಂದೇ ಬಗೆಯ ಗೇಟ್‌ಗಳು, ಒಂದೇ ನೀರಿನ ಒತ್ತಡ. ಇವಿಷ್ಟರಿಂದ ‘ಎಲ್ಲವೂ ಮುರಿಯುತ್ತವೆ’ ಎನ್ನಲಾಗದು, ಏಕೆಂದರೆ ಅದೇ ವಯಸ್ಸಿನ 32 ಗೇಟ್‌ಗಳು ಅಂದು ಮುರಿಯಲಿಲ್ಲ. ‘ಎಲ್ಲವನ್ನೂ ಪರೀಕ್ಷಿಸಲೇಬೇಕು’ ಎನ್ನಲು ಮಾತ್ರ ಇಷ್ಟು ಧಾರಾಳವಾಗಿ ಸಾಕು. ಭೀತಿ ಹಬ್ಬಿಸುವವರು ಮೊದಲನೆಯ ತಪ್ಪು ಮಾಡುತ್ತಾರೆ. ‘ಮುರಿದದ್ದು ಒಂದೇ ತಾನೆ’ ಎಂದು ಕೈಚೆಲ್ಲುವವರು ಎರಡನೆಯದನ್ನು ಕಾಣುವುದಿಲ್ಲ.

ಆಪ್ತರು ಎಂದರೆ ಯಾರು?

ಮೂರನೆಯ ಪ್ರಮಾಣ ಶಬ್ದ, ಅಂದರೆ ಕೇಳಿ ತಿಳಿದದ್ದು. ಅದನ್ನು ಪೂರ್ತಿ ತಳ್ಳಿಹಾಕಿದರೆ ಬದುಕು ನಡೆಯದು. ನಮ್ಮ ಹುಟ್ಟಿದ ದಿನವೂ ನಮಗೆ ಕೇಳಿಯೇ ಗೊತ್ತು. ಆದ್ದರಿಂದ ನ್ಯಾಯದರ್ಶನ ಒಂದು ಷರತ್ತು ಹಾಕಿತು: ಮಾತು ಆಪ್ತನದಾಗಿರಬೇಕು. ಇಂದು ಆಪ್ತರೆಂದರೆ ಹತ್ತಿರದವರು. ಗೌತಮನ ಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನ ಪ್ರಕಾರ, ವಿಷಯವನ್ನು ನೇರವಾಗಿ ಬಲ್ಲವನು ಮತ್ತು ಬಲ್ಲಂತೆಯೇ ಹೇಳಬಯಸುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದೂ ಅವನು ಸೇರಿಸುತ್ತಾನೆ. ಮಾತಿನ ಬೆಲೆ ಆಡಿದವನ ಹುಟ್ಟಿನಿಂದ ಬರುವುದಿಲ್ಲ, ನಂಟಿನಿಂದಲೂ ಬರುವುದಿಲ್ಲ. ಹೊಲದ ರೋಗದ ವಿಷಯದಲ್ಲಿ ಹೊಲದಲ್ಲಿ ದುಡಿಯುವ ಕೂಲಿಯವಳು ಆಪ್ತೆ. ಊರಿಗೆ ಬಾರದ ಪಂಡಿತ ಅಲ್ಲ.

ಎರಡು ಅರ್ಥಗಳೂ ಸಂಸ್ಕೃತದಲ್ಲೇ ಇದ್ದವು, ನಿಜ. ಆದರೆ ನಂಬಲರ್ಹ ಎಂಬುದು ಹಿಂದೆ ಸರಿದು ಹತ್ತಿರದವ ಎಂಬುದೊಂದೇ ಉಳಿದಾಗ ಏನಾಗುತ್ತದೆ ಎಂಬುದನ್ನು ಫೋನಿನ ಗುಂಪುಗಳು ತೋರಿಸಿವೆ. ಸೋದರಮಾವ ಕಳಿಸಿದ ಸಂದೇಶ, ಗೆಳೆಯ ಕಳಿಸಿದ ವಿಡಿಯೊ ಎಂದರೆ ನಂಬಿಕೆ ತಾನಾಗಿ ಬರುತ್ತದೆ. ಕಳಿಸಿದವರು ನಮಗೆ ಆಪ್ತರು, ವಿಷಯಕ್ಕೆ ಆಪ್ತರೇ ಎಂದು ಯಾರೂ ಕೇಳುವುದಿಲ್ಲ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಗೆಳೆಯರ ಗುಂಪನ್ನು ಮಕ್ಕಳ ಕಳ್ಳರೆಂದು ಜನ ಹೊಡೆದರು. ಒಬ್ಬ ಯುವಕ ಸತ್ತ. ಅವರಲ್ಲೊಬ್ಬರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಶಂಕೆಗೆ ಮೂಲ. ಸಂದೇಶ ಫೋನಿನಿಂದ ಫೋನಿಗೆ ಹಾರಿ ಮುಂದಿನ ಊರಿನಲ್ಲಿ ದಾರಿ ಕಟ್ಟಲಾಯಿತು.

ಅಲ್ಲಿ ಮುರಿದುಬಿದ್ದ ತರ್ಕವನ್ನು ಬಿಡಿಸಿ ನೋಡಬೇಕು. ಮಕ್ಕಳನ್ನು ಕದಿಯುವವರು ತಿಂಡಿಯ ಆಸೆ ತೋರಿಸುತ್ತಾರೆ ಎಂದೇ ಒಪ್ಪಿಕೊಳ್ಳೋಣ. ಅದರಿಂದ ತಿಂಡಿ ಕೊಟ್ಟವರೆಲ್ಲ ಕಳ್ಳರು ಎಂದಾಗುವುದಿಲ್ಲ. ಬೆಂಕಿಯಿಂದ ಹೊಗೆಗೆ ತಿರುಗಿಸಿದ ಅದೇ ತಲೆಕೆಳಗಾದ ವ್ಯಾಪ್ತಿ ಇದು. ಇನ್ನೊಂದು, ಮೊದಲ ಊರಿನಲ್ಲಿ ‘ಇರಬಹುದು’ ಆಗಿದ್ದ ಮಾತು ಮುಂದಿನ ಊರು ಮುಟ್ಟುವಾಗ ‘ಇವರೇ’ ಆಗಿತ್ತು. ನಡುವೆ ಬಿದ್ದುಹೋದದ್ದು ಕ್ರಿಯಾಪದದ ಆ ಬಾಲ. ಬಾಯಿಂದ ಬಾಯಿಗೆ ಹೋಗುವ ಸುದ್ದಿಗೆ ‘ಅಂತೆ’ ಅಂಟಿಕೊಂಡೇ ಹೋಗುತ್ತಿತ್ತು, ಯಾಕೆಂದರೆ ಪ್ರತಿಯೊಬ್ಬನೂ ಅದನ್ನು ಹೊಸದಾಗಿ ತನ್ನ ಬಾಯಲ್ಲಿ ಆಡಬೇಕಿತ್ತು. ಬೆರಳಿನಿಂದ ಒತ್ತಿ ದಾಟಿಸುವ ಸಂದೇಶ ಇದ್ದ ಹಾಗೇ ಹೋಗುತ್ತದೆ. ಬರೆದವನು ಕಂಡಂತೆ ಬರೆದಿದ್ದರೆ ಕೊನೆಯ ಓದುಗನಿಗೂ ಅದು ಕಂಡ ಸುದ್ದಿಯೇ. ಅದೇ ಜುಲೈ ತಿಂಗಳಲ್ಲಿ ವಾಟ್ಸ್‌ಆ್ಯಪ್ ಇಂಥ ಸಂದೇಶಗಳಿಗೆ ‘ಫಾರ್ವರ್ಡೆಡ್’ ಎಂಬ ಗುರುತು ಹಚ್ಚತೊಡಗಿತು, ಭಾರತದಲ್ಲಿ ಒಮ್ಮೆಗೆ ಐದು ಕಡೆಗಷ್ಟೇ ಕಳಿಸುವ ಮಿತಿಯನ್ನೂ ತಂದಿತು. ಕನ್ನಡ ಎರಡಕ್ಷರದಲ್ಲಿ ಮಾಡುತ್ತಿದ್ದ ಕೆಲಸವನ್ನು ಕಂಪನಿ ತಂತ್ರಾಂಶದಿಂದ ಮಾಡಬೇಕಾಯಿತು.

ಕೋರ್ಟಿನಲ್ಲಿ ಉಳಿದ ಭೇದ

ಈ ಭೇದಗಳು ಪೂರ್ತಿ ಕಾಣೆಯಾಗಿಲ್ಲ. ಕೋರ್ಟುಗಳಲ್ಲಿ ಇನ್ನೂ ಜೀವಂತವಾಗಿವೆ. ಅಲ್ಲಿನ ಪದಗಳು ಬೇರೆ ದಾರಿಯಿಂದ ಬಂದವು. ಬಿಜಾಪುರದ ಆದಿಲ್‌ಶಾಹಿ, ಆಮೇಲೆ 1948ರವರೆಗೆ ಹೈದರಾಬಾದಿನ ನಿಜಾಮರ ಆಡಳಿತ ಕಂಡ ಈ ಸೀಮೆಯಲ್ಲಿ ಸಾಬೀತು, ದಾಖಲೆ, ಫಿರ್ಯಾದಿ, ತಕರಾರು ಎಲ್ಲವೂ ಮನೆಮಾತು. ಅರಬ್ಬಿಯಲ್ಲಿ ಕಾರಣ ಎಂದೇ ಅರ್ಥವಿದ್ದ ‘ಸಬಬ್’ ನಮ್ಮಲ್ಲಿ ಸಬೂಬಾಗಿ ಸುಳ್ಳು ನೆಪವಾಯಿತು. ಸಂಸ್ಕೃತದ ಅನುಮಾನಕ್ಕೆ ಬಂದ ಗತಿಯೇ ಇದಕ್ಕೂ ಬಂತು. ತರ್ಕದ ಪದ ಯಾವ ಭಾಷೆಯಿಂದ ಬಂದರೂ ನಾವು ಅದನ್ನು ಶಂಕೆಯ, ಜಗಳದ ಪದವಾಗಿ ತಿರುಗಿಸಿಕೊಂಡಿದ್ದೇವೆ ಎಂಬುದಕ್ಕೆ ಇದು ಸಾಕ್ಷಿ. ‘ತರ್ಕ ಮಾಡಬೇಡ’ ಎಂದರೆ ಎದುರಾಡಬೇಡ ಎಂದೇ ಅರ್ಥ.

ಕಾನೂನು ಮಾತ್ರ ಸಡಿಲ ಬಿಟ್ಟಿಲ್ಲ. 1872ರ ಸಾಕ್ಷ್ಯ ಅಧಿನಿಯಮ ಒಂದು ಸಂಗತಿಯನ್ನು ಮೂರು ಬಗೆಯಾಗಿ ನೋಡಿತು: ಸಾಬೀತಾದದ್ದು, ಸುಳ್ಳೆಂದು ಸಾಬೀತಾದದ್ದು, ಎರಡೂ ಆಗದೆ ಉಳಿದದ್ದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಈ ಮೂರೂ ಉಳಿದಿವೆ. ಸಾಬೀತಾಗಲಿಲ್ಲ ಎಂದ ಮಾತ್ರಕ್ಕೆ ಸುಳ್ಳು ಎಂದಲ್ಲ. ಸುಳ್ಳೆಂದು ತೋರಿಸಲಾಗಲಿಲ್ಲ ಎಂದ ಮಾತ್ರಕ್ಕೆ ನಿಜ ಎಂದೂ ಅಲ್ಲ. ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು: ಕಂಡ ಸಂಗತಿಯಾದರೆ ಕಂಡವನೇ ಬಂದು ಹೇಳಬೇಕು. ‘ಅಂತೆ’ಗೆ ಕೋರ್ಟಿನಲ್ಲಿ ಸಾಮಾನ್ಯವಾಗಿ ಪ್ರವೇಶವಿಲ್ಲ, ಮರಣಪೂರ್ವ ಹೇಳಿಕೆಯಂಥ ಕೆಲವು ಅಪವಾದಗಳನ್ನು ಬಿಟ್ಟರೆ. ಕಂಡವರೇ ಇಲ್ಲದ ಪ್ರಕರಣಗಳಲ್ಲಿ ಸಾಂದರ್ಭಿಕ ಸಾಕ್ಷ್ಯ, ಅಂದರೆ ಶುದ್ಧ ಅನುಮಾನ ಕೆಲಸ ಮಾಡುತ್ತದೆ. ಅದಕ್ಕೆ 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ನಿಯಮಗಳ ‘ಪಂಚಶೀಲ’ ಹಾಕಿಕೊಟ್ಟಿತು. ಅದರ ತಿರುಳು: ಸಾಕ್ಷ್ಯದ ಸರಪಳಿಯಲ್ಲಿ ಕೊಂಡಿ ತಪ್ಪಿರಬಾರದು, ಅಪರಾಧವನ್ನು ಬಿಟ್ಟು ಬೇರೆ ಯಾವ ವಿವರಣೆಗೂ ಅದು ಎಡೆ ಕೊಡಬಾರದು. ‘ಇರಬಹುದು’ ಮತ್ತು ‘ಇರಲೇಬೇಕು’ ಇವೆರಡರ ನಡುವಿನ ದೂರ ಬಹಳ ಎಂದು ಕೋರ್ಟ್ ಎಚ್ಚರಿಸಿತು. ವ್ಯಾಪ್ತಿ ಪೂರ್ತಿ ಇರಬೇಕು, ಉಪಾಧಿ ಇರಬಾರದು ಎಂದು ಹಳೆಯ ತಾರ್ಕಿಕರು ಹೇಳಿದ್ದು ಇದನ್ನೇ.

ವಾದ, ಜಲ್ಪ, ವಿತಂಡ

ಮಾತಿಗೆ ಮಾತು ಬೆಳೆದಾಗ ‘ವಾದ ಬೇಡ’ ಎನ್ನುತ್ತೇವೆ. ನ್ಯಾಯಸೂತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸಿತು. ನಿಜ ತಿಳಿಯಲು ಇಬ್ಬರೂ ಕೂಡಿ ನಡೆಸುವುದು ವಾದ. ಗೆಲ್ಲಲೆಂದೇ ನಡೆಸುವುದು ಜಲ್ಪ. ತನ್ನದೊಂದು ನಿಲುವನ್ನು ಮುಂದಿಡದೆ ಎದುರಿನವನದನ್ನು ಕೆಡವುತ್ತ ಹೋಗುವುದು ವಿತಂಡ. ಜಲ್ಪದಲ್ಲಿ ಛಲಕ್ಕೂ ಜಾಗವಿದೆ. ಇಲ್ಲಿ ಛಲವೆಂದರೆ ಹಟವಲ್ಲ, ಮಾತನ್ನು ಬೇಕೆಂದೇ ಬೇರೆ ಅರ್ಥಕ್ಕೆ ತಿರುಚುವುದು. ‘ನವಕಂಬಳಿ ಹೊದ್ದಿದ್ದಾನೆ’ ಎಂದರೆ ಹೊಸದೆಂದು ತಿಳಿಯದೆ ‘ಒಂಬತ್ತು ಎಲ್ಲಿವೆ?’ ಎಂದು ಕೇಳುವುದು ಅದರ ಹಳೆಯ ಉದಾಹರಣೆ. ಟಿ.ವಿ. ಚರ್ಚೆಗಳನ್ನು ನೋಡುವವರಿಗೆ ಹೊಸ ಉದಾಹರಣೆ ಬೇಕಿಲ್ಲ.

ವಿತಂಡವನ್ನು ಸಾರಾಸಗಟಾಗಿ ಬೈಯುವುದೂ ಸರಿಯಲ್ಲ. ಆರೋಪಿಯ ವಕೀಲ ನಿಜವಾದ ಅಪರಾಧಿ ಯಾರೆಂದು ತೋರಿಸಬೇಕಾಗಿಲ್ಲ, ಪೊಲೀಸರ ಸಾಕ್ಷ್ಯ ನಿಲ್ಲುವುದಿಲ್ಲ ಎಂದು ತೋರಿಸಿದರೆ ಸಾಕು. ಅದು ಒಪ್ಪಿತ ವಿತಂಡ. ತಪ್ಪಾಗುವುದು ಗ್ರಾಮಸಭೆಯಲ್ಲಿ ಕುಡಿಯುವ ನೀರಿನ ಟ್ಯಾಂಕ್ ಎಲ್ಲಿ ಕಟ್ಟಬೇಕೆಂಬ ಚರ್ಚೆಯಲ್ಲಿ ಒಬ್ಬರು ವಾದಕ್ಕೆ ಕೂತು ಇನ್ನೊಬ್ಬರು ಜಲ್ಪಕ್ಕೆ ಕೂತಾಗ. ಯಾವ ಆಟ ನಡೆದಿದೆ ಎಂದು ಗೊತ್ತಿದ್ದರೆ ಅರ್ಧ ಜಗಳ ಅಲ್ಲೇ ನಿಲ್ಲುತ್ತದೆ.

ಎದುರು ಮಾತುಗಳು

ಪದಗಳ ಅರ್ಥ ಬದಲಾಗುವುದು ಸಹಜ, ಹಿಂದಕ್ಕೆ ತಳ್ಳಲಾಗದು ಎಂಬುದು ಮೊದಲ ಆಕ್ಷೇಪ. ಅದು ನಿಜವೇ. ‘ಅನುಮಾನ’ವನ್ನು ಮತ್ತೆ ಶಾಸ್ತ್ರದ ಅರ್ಥದಲ್ಲಿ ಬಳಸಿ ಎಂದು ಯಾರಿಗೂ ಆಜ್ಞೆ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಉಳಿಯಬೇಕಾದದ್ದು ಭೇದ. ಶಂಕೆಗೂ ಆಧಾರವಿರುವ ತೀರ್ಮಾನಕ್ಕೂ, ಹತ್ತಿರದವರಿಗೂ ಬಲ್ಲವರಿಗೂ ನಡುವಿನ ಗೆರೆ ಯಾವ ಪದದಲ್ಲಾದರೂ ಉಳಿಯಲಿ. ಹಳೆಯ ಪದಗಳ ಪರಿಚಯ ಆ ಗೆರೆಯನ್ನು ಕಾಣಿಸುತ್ತದೆ ಎಂಬುದಷ್ಟೇ ಅವುಗಳ ಪ್ರಯೋಜನ.

ತರ್ಕ ಮಠಗಳ ಸಂಸ್ಕೃತ ಪಂಡಿತರ ಸೊತ್ತಾಗಿತ್ತು, ಜನರಿಗೆ ಬಾಗಿಲು ಮುಚ್ಚಿತ್ತು ಎಂಬುದು ಎರಡನೆಯ ಆಕ್ಷೇಪ. ಇದು ಹೆಚ್ಚು ತೂಕದ್ದು. ಬಾಗಿಲು ಮುಚ್ಚಿದ್ದು ಇತಿಹಾಸ, ಅದನ್ನು ಮರೆಮಾಚಬಾರದು. ಆದರೆ ಅದನ್ನು ಒಳಗಿನಿಂದಲೇ ತೆರೆದವರೂ ಈ ನೆಲದವರು. ಚೀಕಲಪರ್ವಿಯ ವಿಜಯದಾಸರು, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರು ದರ್ಶನದ ವಿಚಾರವನ್ನು ಕನ್ನಡದ ಹಾಡಾಗಿಸಿದರು. ಸಂಸ್ಕೃತ ಪಂಡಿತರಾಗಿದ್ದ ಜಗನ್ನಾಥದಾಸರು ‘ಹರಿಕಥಾಮೃತಸಾರ’ವನ್ನು ಬರೆದದ್ದು ಕನ್ನಡದಲ್ಲಿ. ಅದಕ್ಕಿಂತ ಮುಖ್ಯ, ಚಹಾದಂಗಡಿಯ ಮೂರು ಪ್ರಶ್ನೆಗಳಿಗೆ ಯಾವ ಮಠದ ಅಪ್ಪಣೆಯೂ ಬೇಕಾಗಿರಲಿಲ್ಲ. ಪಂಡಿತರು ಹೆಸರಿಟ್ಟರು, ಭೇದ ಜನರ ಮಾತಿನಲ್ಲಿ ಮೊದಲೇ ಇತ್ತು.

ನಂಬಿಕೆಯ ಜಾಗದಲ್ಲಿ ತರ್ಕಕ್ಕೇನು ಕೆಲಸ ಎಂಬುದು ಮೂರನೆಯದು. ಇದಕ್ಕೆ ಉತ್ತರ ನಂಬಿಕೆಯ ಪಾಳಯದಲ್ಲೇ ಇದೆ. ವೇದವನ್ನು ಪರಮ ಪ್ರಮಾಣವೆಂದ ಮಧ್ವರು, ಜಯತೀರ್ಥರೇ ಒಂದು ಮಿತಿ ಹಾಕಿದರು: ವೇದವಾಕ್ಯವನ್ನು ತಿಳಿಯಲು ಪ್ರತ್ಯಕ್ಷವನ್ನೇ ಆಶ್ರಯಿಸಬೇಕು, ಆಶ್ರಯ ಕೊಟ್ಟದ್ದನ್ನು ಉಪಜೀವ್ಯ ಎನ್ನುತ್ತಾರೆ. ಉಪಜೀವ್ಯಕ್ಕೆ ವಿರುದ್ಧವಾಗಿ ವೇದಕ್ಕೂ ಅರ್ಥ ಹೇಳಕೂಡದು. ಶ್ರುತಿಗೇ ಇಲ್ಲದ ವಿನಾಯಿತಿಯನ್ನು ಯಾರೋ ಕಳಿಸಿದ ವಿಡಿಯೊಗೆ ಕೊಡುವುದಕ್ಕೆ ಯಾವ ಆಧಾರವೂ ಇಲ್ಲ.

ಆಗಬೇಕಾದದ್ದು

ತರ್ಕವನ್ನು ಪದವಿ ತರಗತಿಗೆ ಕಾಯ್ದಿರಿಸುವ ಅಗತ್ಯವಿಲ್ಲ. ಏಳನೆಯ ತರಗತಿಯ ಕನ್ನಡ ಮೇಷ್ಟ್ರು ‘ಬಂತು’, ‘ಬಂದಿರಬೇಕು’, ‘ಬಂತಂತೆ’ಗಳ ಭೇದವನ್ನು ವ್ಯಾಕರಣದ ಪಾಠದಲ್ಲೇ ಹೇಳಬಹುದು; ಇತಿಹಾಸದ ಮೇಡಂ ಮಸ್ಕಿಯ ಬಂಡೆಯನ್ನು ಅನುಮಾನದ ಪಾಠವಾಗಿಸಬಹುದು. ಸುದ್ದಿಮನೆಗಳು ಮೂಲ ಹೇಳದ ಸುದ್ದಿಯ ತಲೆಬರಹದಿಂದ ‘ಅಂತೆ’ಯನ್ನು ಕಿತ್ತುಹಾಕುವ ಅಭ್ಯಾಸ ಬಿಡಬೇಕು. ಗ್ರಾಮಸಭೆಗಳಲ್ಲಿ ನಿಲುವು ಹೇಳಿದವರಿಂದ ಹೇತುವನ್ನೂ ಕೇಳುವ ರೂಢಿ ಬೆಳೆಯಬೇಕು.

ಓದುಗರು ಇವತ್ತೇ ಮಾಡಬಹುದಾದ ಕೆಲಸವೂ ಒಂದಿದೆ. ಫೋನಿಗೆ ಬಂದ ಸುದ್ದಿಯನ್ನು ಮುಂದೆ ಕಳಿಸುವ ಮೊದಲು ಅದನ್ನು ಕಳಿಸಿದವರನ್ನು ಒಂದು ಮಾತು ಕೇಳಿ: ನೀವು ಕಂಡಿದ್ದೋ, ಊಹಿಸಿದ್ದೋ, ಕೇಳಿದ್ದೋ? ಉತ್ತರ ಬರದಿದ್ದರೆ ಕಳಿಸಬೇಡಿ.